ಹಾಲಿನಲ್ಲಿರುವ ಅಮಾನತ್ತು

ಎರಡು ಮಳೆಗಾಲದ ಹಿಂದಿನ ಮಾತು. ಮೂಡಿಗೆರೆ ತಾಲೂಕಿನ ನಮ್ಮ ಊರಿನಲ್ಲಿ, ಮನೆಯ ಹಿಂದಿನ ಕಾಫಿ ತೋಟದ ಲೈನ್ ಮನೆಯ ಅಜ್ಜಿಯೊಬ್ಬರು ಬೆಳಿಗ್ಗೆ ಪಾತ್ರೆ ಹಿಡಿದು ನಮ್ಮ ಜಗಲಿಗೆ ಬಂದರು. ದಿನವೂ ನಮ್ಮಲ್ಲಿಂದ ಅರ್ಧ ಲೀಟರ್ ಹಾಲು ಕೊಳ್ಳುವವರು ಅವರು. "ಮೇಷ್ಟ್ರೇ, ನಿನ್ನೆಯ ಹಾಲಿಗೆ ಹೆಪ್ಪು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಹಾಲು ಹಾಗೆಯೇ ಇದೆ, ಮೊಸರಾಗಲೇ ಇಲ್ಲ. ನೀರು ಗೀರು ಬೆರೆಸಿದಿರೋ ಹೇಗೆ?" ಎಂದು ನಗುತ್ತಲೇ ಕೇಳಿದರು. ನಾನು ನೀರು ಬೆರೆಸಿರಲಿಲ್ಲ. ಆ ಧೈರ್ಯದಿಂದಲೇ, "ಇಲ್ಲ ಅಜ್ಜಿ, ಒಂದು ಹನಿ ನೀರೂ ಇಲ್ಲ. ಈ ಚಳಿಗೆ ಹೆಪ್ಪು ಹಿಡಿದಿರಲಿಕ್ಕಿಲ್ಲ" ಎಂದೆ. ನಾನು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜವಿತ್ತು.

ಅದಕ್ಕೆ ನಾಲ್ಕು ದಿನ ಮೊದಲು ನಮ್ಮ ಜರ್ಸಿ ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟಿತ್ತು. ಮೈ ಸುಡುತ್ತಿತ್ತು, ಕಾಲು ಕುಂಟುತ್ತಿತ್ತು. ಪಶುವೈದ್ಯರು ಜಡಿಮಳೆಯಲ್ಲಿ ಬೈಕಿನಲ್ಲಿ ಬಂದರು. ಜ್ವರ ಅಳೆದರು, ಕೆಚ್ಚಲು ಮುಟ್ಟಿ ನೋಡಿದರು, ಜ್ವರ ಮತ್ತು ನೋವಿಗೆ ಔಷಧಿ ಕೊಟ್ಟರು. "ಇದು ಮೂರು ದಿನದ ಜ್ವರ ಮೇಷ್ಟ್ರೇ. ವೈರಸ್‌ನಿಂದ ಬರುವುದು. ಇದಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿ ಪ್ರಯೋಜನವಿಲ್ಲ. ಒಣ ನೆಲದಲ್ಲಿ ಕಟ್ಟಿ, ನೀರು ಕುಡಿಸಿ, ನಾಡಿದ್ದು ಏಳುತ್ತದೆ" ಎಂದರು. ನನಗೆ ಸಮಾಧಾನವಾಗಲಿಲ್ಲ. ಇಷ್ಟು ದೂರ ಬಂದು ಒಂದು ಒಳ್ಳೆಯ ಇಂಜೆಕ್ಷನ್ ಹಾಕದೆ ಹೋದರಲ್ಲಾ ಎಂದು ಬೇಸರವಾಯಿತು. ಮರುದಿನ ಪೇಟೆಯ ಅಂಗಡಿಯೊಂದರಿಂದ ಚೀಟಿಯಿಲ್ಲದೆಯೇ ಆಕ್ಸಿಟೆಟ್ರಾಸೈಕ್ಲಿನ್ ಬಾಟಲಿ ತಂದೆ. ಸೂಜಿ ಚುಚ್ಚಲು ಬಲ್ಲವರೊಬ್ಬರನ್ನು ಕರೆಸಿ ಹಾಕಿಸಿದೆ. ಮೂರನೆಯ ದಿನ ಹಸು ಎದ್ದು ಮೇವಿಗೆ ಬಾಯಿ ಹಾಕಿತು. ಡಾಕ್ಟರಿಗೆ ತಿಳಿಯದ್ದು ನನಗೆ ತಿಳಿಯಿತೆಂದು ನಾಲ್ಕು ಮಂದಿಯ ಮುಂದೆ ಹೇಳಿಕೊಂಡೆ. ಕಾಯಿಲೆಯ ಹೆಸರಿನಲ್ಲಿಯೇ ಮೂರು ದಿನವೆಂದು ಇರುವುದು ನನ್ನ ತಲೆಗೆ ಹೊಳೆಯಲಿಲ್ಲ.

ಆ ದಿನಗಳ ಹಾಲನ್ನು ಡೈರಿಗೆ ಹಾಕಿದೆ. ಅಜ್ಜಿಗೂ ಕೊಟ್ಟೆ. ಕೆಲವು ವಾರಗಳ ನಂತರ ಅದೇ ವೈದ್ಯರು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದಾಗ ಮೊಸರಾಗದ ಹಾಲಿನ ಮಾತು ಬಂತು. ಅವರು ನನ್ನನ್ನು ಗದರಿಸಲಿಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ, ಹಾಲಿನಲ್ಲಿ ಆಂಟಿಬಯೋಟಿಕ್ ಉಳಿದಿದ್ದರೆ ಹೆಪ್ಪಿನಲ್ಲಿರುವ ಆ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ ಎಂದಷ್ಟೇ ಹೇಳಿದರು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ನೀರು ಬೆರೆಸಲಿಲ್ಲ, ಅಳತೆಯಲ್ಲಿ ಮೋಸ ಮಾಡಲಿಲ್ಲ. ಹಾಗಾದರೆ ಆ ಹಾಲಿನ ದುಡ್ಡು ನನಗೆ ಹಲಾಲ್ ಸಂಪಾದನೆಯಾಯಿತೇ?

ಲ್ಯಾಕ್ಟೋಮೀಟರ್ ಹೇಳದ ಸತ್ಯ

ಖಲೀಫಾ ಉಮರ್(ರ)ರ ಕಾಲದ ಒಂದು ಘಟನೆಯನ್ನು ನಾವೆಲ್ಲರೂ ಮದ್ರಸದ ಬೆಂಚಿನ ಮೇಲೆ ಕೇಳಿದ್ದೇವೆ. ರಾತ್ರಿ ಮದೀನಾದ ಬೀದಿಗಳಲ್ಲಿ ಸುತ್ತುತ್ತಿದ್ದಾಗ ಒಂದು ಗುಡಿಸಲಿನೊಳಗೆ ತಾಯಿ ಮಗಳ ಮಾತು ಅವರ ಕಿವಿಗೆ ಬಿತ್ತು. ಹಾಲಿಗೆ ನೀರು ಬೆರೆಸೆಂದು ತಾಯಿ ಹೇಳುತ್ತಿದ್ದಳು. ಖಲೀಫರು ಅದನ್ನು ನಿಷೇಧಿಸಿದ್ದಾರೆಂದು ಮಗಳು ನೆನಪಿಸಿದಳು. ಖಲೀಫರೇನು ಇಲ್ಲಿ ನೋಡುತ್ತಿದ್ದಾರೆಯೇ ಎಂದು ತಾಯಿ ಕೇಳಿದಾಗ, ಅವರು ನೋಡದಿದ್ದರೂ ಅವರ ಪ್ರಭು ನೋಡುತ್ತಿದ್ದಾನಲ್ಲ ಎಂದು ಆ ಹುಡುಗಿ ಉತ್ತರಿಸಿದಳು. ಉಮರ್(ರ) ಆಕೆಯನ್ನು ತಮ್ಮ ಮಗನಿಗೆ ವಧುವಾಗಿ ತಂದುಕೊಂಡರೆಂದೂ ಮುಂದೆ ಆ ವಂಶದಲ್ಲಿಯೇ ಉಮರ್ ಬಿನ್ ಅಬ್ದುಲ್ ಅಝೀಝ್ ಹುಟ್ಟಿದರೆಂದೂ ಚರಿತ್ರೆಕಾರರು ಹೇಳುತ್ತಾರೆ.

ಈ ಕಥೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದು ನನ್ನ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಾಗ ನಾನು ಗುರುತಿಸಲಿಲ್ಲ. ಹಾಲಿಗೆ ಬೆರೆಸಿದ ನೀರನ್ನು ಹಿಡಿಯಲು ಇಂದು ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇದೆ. ಡಿಗ್ರಿ ಕಡಿಮೆಯಾದರೆ ಕಾರ್ಯದರ್ಶಿ ಮುಖ ನೋಡುತ್ತಾನೆ. ಫ್ಯಾಟ್ ಕಡಿಮೆಯಾದರೆ ದುಡ್ಡು ಕಡಿಮೆಯಾಗುತ್ತದೆ. ಆದರೆ ಆಂಟಿಬಯೋಟಿಕ್ ಬೆರೆತ ಹಾಲಿನ ಬಣ್ಣ ಬದಲಾಗುವುದಿಲ್ಲ, ರುಚಿ ಕೆಡುವುದಿಲ್ಲ, ಡಿಗ್ರಿ ಇಳಿಯುವುದಿಲ್ಲ. ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಅದನ್ನು ಹಿಡಿಯಲು ಬೇರೆಯೇ ಪರೀಕ್ಷೆ ಬೇಕು. ಆ ಪರೀಕ್ಷೆ ಪ್ರತಿ ಹಳ್ಳಿಯಲ್ಲಿ ಪ್ರತಿ ಕ್ಯಾನಿಗೆ ದಿನವೂ ನಡೆಯುವಂಥದ್ದಲ್ಲ. ಅಂದರೆ ಆ ಹುಡುಗಿಗೆ ಎದುರಾದ ಪರೀಕ್ಷೆಗಿಂತ ನಮ್ಮ ಪರೀಕ್ಷೆ ಹೆಚ್ಚು ಕಠಿಣವಾದುದು. ನೀರು ಬೆರೆಸಿದ್ದು ಬೆರೆಸಿದವನಿಗಾದರೂ ಗೊತ್ತಿರುತ್ತದೆ. ಇಲ್ಲಿ ನಾವು ಬೆರೆಸಿದ್ದೇವೆಂಬುದು ನಮಗೇ ಮರೆತುಹೋಗುತ್ತದೆ.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 66ನೆಯ ಸೂಕ್ತವು ಜಾನುವಾರುಗಳಲ್ಲಿ ನಮಗೊಂದು ಪಾಠವಿದೆಯೆಂದು ತಿಳಿಸುತ್ತದೆ. ಸಗಣಿ ಮತ್ತು ರಕ್ತದ ನಡುವಿನಿಂದ ಅಲ್ಲಾಹನು ಶುದ್ಧ ಹಾಲನ್ನು ಕುಡಿಯಲು ಕೊಡುತ್ತಾನೆಂಬುದೇ ಆ ಪಾಠ. ಈ ಮಾತನ್ನು ಕೊಟ್ಟಿಗೆಯಲ್ಲಿ ನಿಂತು ಯೋಚಿಸಬೇಕು. ಅವನು ಬೇರ್ಪಡಿಸಿ ಕೊಟ್ಟ ಶುದ್ಧ ವಸ್ತುವಿಗೆ ನಾವು ಸೂಜಿಯ ಮೂಲಕ, ರಕ್ತದ ದಾರಿಯಿಂದ ಇನ್ನೊಂದು ವಸ್ತುವನ್ನು ಸೇರಿಸುತ್ತಿದ್ದೇವೆ. ಕಾಯಿಲೆಗೆ ಅಗತ್ಯವಿದ್ದರೆ ಸೇರಿಸೋಣ, ಆದರೆ ಅದು ಇಳಿದುಹೋಗುವವರೆಗೆ ಕಾಯುವ ಹೊಣೆ ನಮ್ಮದೇ ಅಲ್ಲವೇ?

ಈ ಕಾಯುವಿಕೆಗೆ ಕಾನೂನಿನಲ್ಲಿಯೂ ಲೆಕ್ಕವಿದೆ. 2012ರಲ್ಲಿ ತಿದ್ದುಪಡಿಯಾದ ಔಷಧಿ ನಿಯಮಗಳ ಪ್ರಕಾರ, ಹಾಲು ಕೊಡುವ ಪಶುಗಳ ಔಷಧಿಯ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ಮುದ್ರಿಸಬೇಕು. ಆ ಔಷಧಿಗೆ ಖಚಿತವಾದ ಅವಧಿ ಗೊತ್ತಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ನಾನು ತಂದ ಬಾಟಲಿಯ ಮೇಲೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಆ ಮಾತು ಇದ್ದಿರಬೇಕು. ನಾನು ಓದಲಿಲ್ಲ. ನನಗೆ ಓದಲು ಬರುತ್ತಿತ್ತೆಂಬುದೇ ನನ್ನ ಮೇಲಿನ ಸಾಕ್ಷಿ.

ಇದನ್ನು ಓದಿ ಯಾರೂ ಹಾಲನ್ನೇ ಬಿಡಬೇಕಾಗಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಮಿತಿಗಿಂತ ಹೆಚ್ಚು ಆಂಟಿಬಯೋಟಿಕ್ ಕಂಡುಬಂದದ್ದು 77ರಲ್ಲಿ, ಅಂದರೆ ನೂರಕ್ಕೆ 1.2ರಷ್ಟು. ಹೆಚ್ಚಿನ ಹಾಲು ಚೆನ್ನಾಗಿಯೇ ಇದೆ. ಆದರೆ ಆ 77 ಮಾದರಿಗಳ ಹಿಂದೆ ನನ್ನಂಥ ಯಾರೋ ಇದ್ದಾರೆ. ನೂರರಲ್ಲಿ ಒಂದೇ ಎಂಬುದು ಅಂಕಿಅಂಶಗಳಿಗೆ ಸಮಾಧಾನವಾಗಬಹುದು. ಆ ಒಬ್ಬ ನಾನೇ ಆಗಿದ್ದರೆ ಪರಲೋಕದ ವಿಚಾರಣೆಯಲ್ಲಿ ಉಳಿದ ತೊಂಬತ್ತೊಂಬತ್ತು ಮಂದಿ ನನ್ನ ಪರವಾಗಿ ನಿಲ್ಲುವುದಿಲ್ಲ.

ಒಂದೇ ಹಡಗಿನ ಪಯಣಿಗರು

"ನನ್ನದು ಒಂದೇ ಹಸು. ಡೈರಿಯ ಕ್ಯಾನಿನಲ್ಲಿ ನೂರು ಹಸುಗಳ ಹಾಲು ಸೇರುತ್ತದೆ. ಅದರಲ್ಲಿ ನನ್ನದು ಎಷ್ಟರ ಪಾಲು?" ಇದು ನನ್ನ ಮನಸ್ಸು ನನಗೆ ಹೇಳಿದ ಮೊದಲ ನೆಪ. ನಮ್ಮ ಜಿಲ್ಲೆಯ ಡೈರಿಗಳ ಹಾಲು ಹಾಸನ ಹಾಲು ಒಕ್ಕೂಟದ ಮೂಲಕ ನಂದಿನಿಯ ಹೆಸರಿನಲ್ಲಿ ಊರೂರಿಗೆ ಹೋಗುತ್ತದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ರಾಜ್ಯದ ರೈತರ ಹಾಲು ಪುಡಿಯಾಗಿ ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳ ಲೋಟ ಸೇರುತ್ತದೆ. ನೂರು ಮಂದಿಯೂ ಇದೇ ನೆಪ ಹೇಳಿದರೆ ಆ ಲೋಟದಲ್ಲಿ ಉಳಿಯುವುದೇನು?

ಹಾಲಿನಲ್ಲಿ ಉಳಿದ ಔಷಧಿ ಅದಕ್ಕೆ ಅಲರ್ಜಿ ಇರುವವರಿಗೆ ತೊಂದರೆ ಕೊಡಬಹುದು. ಅದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಆಂಟಿಬಯೋಟಿಕ್ ತಗಲಿದಾಗ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಅದನ್ನು ತಾಳಬಲ್ಲವು ಉಳಿಯುತ್ತವೆ, ಉಳಿದವು ಬೆಳೆಯುತ್ತವೆ. ಅನಗತ್ಯವಾಗಿ ಕೊಟ್ಟಷ್ಟೂ, ಕಡಿಮೆ ಪ್ರಮಾಣದಲ್ಲಿ ಕೊಟ್ಟಷ್ಟೂ ಹೀಗೆ ಗಟ್ಟಿಯಾದವು ಹೆಚ್ಚುತ್ತವೆ. 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಈ ಎಚ್ಚರಿಕೆ ಕೊಟ್ಟಿದ್ದರು. ನಮ್ಮಲ್ಲಿ ಕೊಟ್ಟಿಗೆಯ ಸಗಣಿ ಗೊಬ್ಬರವಾಗಿ ಕಾಫಿ, ಮೆಣಸಿನ ಬುಡಕ್ಕೆ ಹೋಗುತ್ತದೆ. ಹಸುವಿನ ದೇಹದಿಂದ ಹೊರಬಿದ್ದ ಔಷಧಿಯ ಅಂಶವೂ ಗಟ್ಟಿಯಾದ ಬ್ಯಾಕ್ಟೀರಿಯಾಗಳೂ ಅದರೊಂದಿಗೆ ಹೋಗುತ್ತವೆ. ಮಳೆಗಾಲದಲ್ಲಿ ತೋಟದ ನೀರು ಹಳ್ಳಕ್ಕೆ, ಹಳ್ಳದ ನೀರು ಮೂಡಿಗೆರೆಯ ಕಡೆ ಹೇಮಾವತಿಗೆ, ಕಳಸದ ಕಡೆ ಭದ್ರೆಗೆ. ಗುಡ್ಡದ ಮೇಲೆ ಇರುವವರ ಕೊಳೆ ಬಯಲಿನವರ ಬಿಂದಿಗೆಗೆ ಸೇರಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ಪ್ರವಾದಿ(ಸ)ರು ಸಮಾಜವನ್ನು ಒಂದು ಹಡಗಿಗೆ ಹೋಲಿಸಿದ್ದು ಇಂಥ ಸಂದರ್ಭಕ್ಕೇ ಸಲ್ಲುತ್ತದೆ. ಕೆಳಗಿನ ಅಂತಸ್ತಿನವರು ತಮ್ಮ ಪಾಲಿನ ಜಾಗದಲ್ಲಿ ನೀರಿಗಾಗಿ ತೂತು ಕೊರೆಯಲು ಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ, ತಡೆದರೆ ಎಲ್ಲರೂ ಉಳಿಯುತ್ತಾರೆ. ನನ್ನ ಹಸು, ನನ್ನ ದುಡ್ಡು, ನನ್ನ ಬಾಟಲಿ ಎಂಬುದು ತೂತು ಕೊರೆಯುವವನ ತರ್ಕ. ಆಂಟಿಬಯೋಟಿಕ್‌ನ ಶಕ್ತಿ ಯಾರೊಬ್ಬರ ಸೊತ್ತೂ ಅಲ್ಲ. ಅದು ನಮ್ಮೆಲ್ಲರ ಕೈಗೆ ನಂಬಿ ಒಪ್ಪಿಸಿದ ಅಮಾನತ್ತು. ನಾಳೆ ಹುಟ್ಟುವ ಮಗುವಿಗೂ ಅದರಲ್ಲಿ ಪಾಲಿದೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರ ಸಾವಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವೆಲ್ಲ ಕೊಟ್ಟಿಗೆಯಿಂದ ಬಂದವಲ್ಲ. ಮನುಷ್ಯರೇ ನುಂಗುವ ಮಾತ್ರೆಗಳ ಪಾಲು ಅದರಲ್ಲಿ ದೊಡ್ಡದು. ಆದರೆ ಇನ್ನೊಬ್ಬನ ತಪ್ಪು ದೊಡ್ಡದೆಂದ ಮಾತ್ರಕ್ಕೆ ನನ್ನದು ಒಪ್ಪಾಗುವುದಿಲ್ಲ.

ಹಸುವಿಗೆ ಚುಚ್ಚಿದ ಸೂಜಿಯ ಪರಿಣಾಮ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಡೈಕ್ಲೋಫಿನಾಕ್ ಎಂಬುದು ನೋವಿನ ಔಷಧಿ, ಆಂಟಿಬಯೋಟಿಕ್ ಅಲ್ಲ. ಅದನ್ನು ಪಡೆದು ಸತ್ತ ದನಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆಕಾಶ ತುಂಬ ಹಾರುತ್ತಿದ್ದ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಅಳಿವಿನ ಅಂಚಿಗೆ ಬಂದವು. 2006ರಲ್ಲಿ ಆ ಔಷಧಿಯನ್ನು ಪಶುಗಳಿಗೆ ನಿಷೇಧಿಸಲಾಯಿತು. ಹಸುವಿನ ನೋವು ನಿವಾರಿಸಲು ಹೊರಟವರಲ್ಲಿ ಯಾರೂ ಹದ್ದನ್ನು ಕೊಲ್ಲಬೇಕೆಂದು ಬಯಸಿರಲಿಲ್ಲ. ಸದುದ್ದೇಶವೊಂದೇ ಸಾಲದು, ತಿಳುವಳಿಕೆಯೂ ಬೇಕು ಎಂಬುದನ್ನು ಆ ಖಾಲಿ ಆಕಾಶ ಹೇಳುತ್ತಿದೆ.

ವೈದ್ಯರ 'ಬೇಡ' ಎಂಬ ಮಾತು

ವೈದ್ಯಕೀಯದ ಅರಿವಿಲ್ಲದೆ ಚಿಕಿತ್ಸೆ ಮಾಡುವವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಅರಿವಿದ್ದವನ ಹೊಣೆಯಾದರೂ ಕಡಿಮೆಯೇನಲ್ಲ. ಪಶುವೈದ್ಯರ ರೋಗಿಗೆ ಬಾಯಿಲ್ಲ, ಆ ರೋಗಿಯ ಹಾಲು ಕುಡಿಯುವವರು ವೈದ್ಯರ ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ ತಮ್ಮೆದುರು ಇಲ್ಲದವರ ಪರವಾಗಿಯೂ ಯೋಚಿಸಬೇಕಾದ ವೃತ್ತಿ ಅದು.

ಹಾಗಾದರೆ ಹೊಣೆಯರಿತ ವೈದ್ಯರು ಏನು ಮಾಡಬೇಕು? ಹಸುವನ್ನು ನೋಡದೆ ಫೋನಿನಲ್ಲಿಯೇ ಆಂಟಿಬಯೋಟಿಕ್ ಹೆಸರು ಹೇಳಬಾರದು. ವೈರಸ್‌ನ ಕಾಯಿಲೆಯೋ ಬ್ಯಾಕ್ಟೀರಿಯಾದ್ದೋ ಎಂದು ಮೊದಲು ತೀರ್ಮಾನಿಸಬೇಕು. ಕೆಚ್ಚಲು ಬಾವಿನ ಸಂಶಯವಿದ್ದರೆ ನಾಲ್ಕು ಗುಳಿಯ ತಟ್ಟೆಗೆ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಹಿಂಡಿ, ದ್ರಾವಣ ಬೆರೆಸಿ, ಯಾವುದು ಲೋಳೆಯಾಗುತ್ತದೆಂದು ನೋಡುವ ಸರಳ ಪರೀಕ್ಷೆಯಿದೆ. ಮತ್ತೆ ಮತ್ತೆ ಬರುವ ಬಾವಾದರೆ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಔಷಧಿ ನಾಟುತ್ತದೆಂದು ತಿಳಿಯಬಹುದು. ಮನುಷ್ಯರ ಪ್ರಾಣ ಉಳಿಸಲು ಬೇಕಾಗುವ ಪ್ರಬಲ ಔಷಧಿಗಳನ್ನು ಮೊದಲ ಸೂಜಿಗೇ ಎತ್ತಿಕೊಳ್ಳಬಾರದು. ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪಶುಪಕ್ಷಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರವು 2019ರ ಜುಲೈಯಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಔಷಧಿ ಕೊಡಲೇಬೇಕಾದಾಗ ಪೂರ್ತಿ ಪ್ರಮಾಣ, ಪೂರ್ತಿ ದಿನ ಕೊಡಬೇಕು. ಎಷ್ಟು ದಿನ ಹಾಲು ಮಾರಬಾರದೆಂಬುದನ್ನು ಚೀಟಿಯಲ್ಲಿ ಕನ್ನಡದಲ್ಲಿ ದಪ್ಪವಾಗಿ ಬರೆದು ಬಾಯಲ್ಲಿಯೂ ಹೇಳಬೇಕು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆಯು ಪಶುವೈದ್ಯರಿಗಾಗಿ ಚಿಕಿತ್ಸಾ ಮಾರ್ಗಸೂಚಿಯನ್ನು ಹೊರತಂದಿದೆ. ಆಂಟಿಬಯೋಟಿಕ್‌ಗಳ ವಿವೇಕದ ಬಳಕೆ ಅದರ ಮುಖ್ಯ ಗುರಿಗಳಲ್ಲೊಂದು.

ಇದರರ್ಥ ಕಾಯಿಲೆ ಬಿದ್ದ ಹಸುವನ್ನು ನರಳಲು ಬಿಡಬೇಕೆಂದಲ್ಲ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂದು ಕಲಿತವರು ನಾವು. ಕೆಚ್ಚಲು ಕಲ್ಲಾಗಿ, ಹಾಲಿನಲ್ಲಿ ರಕ್ತ ಬರುತ್ತಾ, ಜ್ವರದಿಂದ ನಡುಗುವ ಹಸುವಿಗೆ ಆಂಟಿಬಯೋಟಿಕ್ ನಿರಾಕರಿಸುವುದು ಕ್ರೌರ್ಯ. ಬೇಕಾದಾಗ ಕೊಡದಿರುವುದೂ ಬೇಡವಾದಾಗ ಕೊಡುವುದೂ ಎರಡೂ ಅಮಾನತ್ತಿಗೆ ಬಗೆಯುವ ದ್ರೋಹ. ಇವೆರಡರ ನಡುವಿನ ಗೆರೆಯನ್ನು ಗುರುತಿಸಲೆಂದೇ ವೈದ್ಯರು ಐದಾರು ವರ್ಷ ಓದುವುದು.

ಆದರೆ ವೈದ್ಯರಿಗೆ ಉಪದೇಶ ಮಾಡಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಅವರ ಕೈ ಹಿಡಿದು ಸೂಜಿ ಚುಚ್ಚಿಸುವವರು ಯಾರು? ನಾವೇ. ಇಂಜೆಕ್ಷನ್ ಹಾಕಿದರೆ ಒಳ್ಳೆಯ ಡಾಕ್ಟರು, ಹಾಕದಿದ್ದರೆ ಸೋಮಾರಿ ಎಂದು ಊರಿನಲ್ಲಿ ತೀರ್ಪು ಕೊಡುವವರು ನಾವು. ಇಂಜೆಕ್ಷನ್ ಹಾಕಿದ ವೈದ್ಯರಿಗೆ ದುಡ್ಡು ಕೊಡುತ್ತೇವೆ, ಅರ್ಧ ಗಂಟೆ ಪರೀಕ್ಷಿಸಿ 'ಬೇಡ' ಎಂದವರಿಗೆ ಕಾಫಿ ಕೂಡ ಕೊಡುವುದಿಲ್ಲ. ಗುಡ್ಡಗಾಡಿನ ಹಳ್ಳಿಗಳನ್ನು ಸುತ್ತುವ ಆ ಮನುಷ್ಯ ನಾವು ಹೇಳಿದಂತೆ ಕೇಳದಿದ್ದರೆ ನಾವು ಬೇರೆಯವರ ಬಳಿಗೆ ಹೋಗುತ್ತೇವೆಂದು ಅವರಿಗೂ ಗೊತ್ತು. 'ಬೇಡ' ಎನ್ನಲು ಜ್ಞಾನ ಬೇಕು, ಧೈರ್ಯ ಬೇಕು. ಅದನ್ನು ಕೇಳಿಸಿಕೊಳ್ಳಲು ನಮಗೆ ಸಬರ್ ಬೇಕು. ನನ್ನ ಕೊಟ್ಟಿಗೆಯಲ್ಲಿ ಅಂದು ಜ್ಞಾನವೂ ಇತ್ತು, ಧೈರ್ಯವೂ ಇತ್ತು. ಸಬರ್ ಮಾತ್ರ ಇರಲಿಲ್ಲ. ಆ ದಿನ ನನಗೆ ಸಿಕ್ಕಿದ ಅತ್ಯುತ್ತಮ ಚಿಕಿತ್ಸೆ ಆ 'ಬೇಡ' ಎಂಬ ಮಾತೇ ಆಗಿತ್ತು. ನಾನು ಅದನ್ನು ಎಸೆದು ಬಾಟಲಿ ಕೊಂಡೆ.

ವೈದ್ಯರೂ ರೈತರೂ ಕೂಡಿ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಹಾಲಿಗೆ ಹೆಸರಾದ ನೆದರ್ಲ್ಯಾಂಡ್ಸ್ ದೇಶವೇ ಸಾಕ್ಷಿ. 2009ರ ನಂತರದ ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿ ಪಶುಗಳಿಗಾಗಿ ಮಾರುವ ಆಂಟಿಬಯೋಟಿಕ್ ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆಯಾಯಿತು. ಯಾವ ಫಾರ್ಮಿನಲ್ಲಿ ಎಷ್ಟು ಬಳಕೆಯಾಯಿತು, ಯಾವ ವೈದ್ಯರು ಎಷ್ಟು ಬರೆದರು ಎಂಬುದನ್ನು ಲೆಕ್ಕವಿಟ್ಟು ಹೋಲಿಸಿ ನೋಡುವ ಏರ್ಪಾಡನ್ನು ಅವರು ಮಾಡಿಕೊಂಡರು. ಅವರ ಹಾಲು ಬತ್ತಲಿಲ್ಲ.

ಚೆಲ್ಲಿದ ಹಾಲಿನ ಬೆಲೆ

ಇಷ್ಟೆಲ್ಲ ಹೇಳುವುದು ಸುಲಭ. ಕಷ್ಟದ ಪ್ರಶ್ನೆ ಇನ್ನೂ ಉಳಿದಿದೆ. ಒಂದೇ ಹಸುವನ್ನು ನಂಬಿ ಬದುಕುವ ವಿಧವೆಯೊಬ್ಬಳಿದ್ದಾಳೆಂದುಕೊಳ್ಳೋಣ. ದಿನಕ್ಕೆ 8 ಲೀಟರ್ ಹಾಲು. 7 ದಿನ ಚೆಲ್ಲಬೇಕೆಂದರೆ 56 ಲೀಟರ್. ಮೇಲೆ ಔಷಧಿಯ ಖರ್ಚು, ಹಿಂಡಿ ಬೂಸಾದ ಸಾಲ. ಆಕೆಗೆ ದೇವಭಯದ ಉಪದೇಶ ಕೊಟ್ಟು ನಾವು ಮನೆಗೆ ಹೋಗಿ ಶುದ್ಧ ಹಾಲಿನ ಚಹಾ ಕುಡಿದರೆ ಅದು ಯಾವ ನ್ಯಾಯ? ಆಕೆ ಚೆಲ್ಲುವುದು ನಮ್ಮ ಮಕ್ಕಳ ಆರೋಗ್ಯಕ್ಕಾಗಿ. ಎಲ್ಲರಿಗೂ ಸೇರಿದ ಒಳಿತಿನ ಬೆಲೆಯನ್ನು ಅತ್ಯಂತ ಬಡವರೊಬ್ಬರೇ ತೆರಬೇಕೆಂದು ಹೇಳುವ ಹಕ್ಕು ನಮಗಿಲ್ಲ.

ಆದುದರಿಂದ ಹಾಲು ಚೆಲ್ಲುವವರನ್ನು ಕೈಹಿಡಿಯುವ ಒಂದು ಸಣ್ಣ ನಿಧಿ ಪ್ರತಿ ಡೈರಿಯಲ್ಲೂ ಇರಬೇಕೆಂದು ನನಗನಿಸುತ್ತದೆ. ವೈದ್ಯರ ಚೀಟಿ ತೋರಿಸಿ "ಈ ವಾರ ನನ್ನ ಹಾಲು ಬೇಡ" ಎಂದು ಹೇಳುವ ಸದಸ್ಯನನ್ನು ಅನುಮಾನದಿಂದ ನೋಡದೆ ಗೌರವದಿಂದ ಕಾಣಬೇಕು. ನಮ್ಮ ಜಮಾಅತ್‌ಗಳೂ ನೆರೆಹೊರೆಯವರೂ ಸದಕಾ ಕೊಡುವಾಗ ಇಂಥವರನ್ನು ನೆನೆಯಬೇಕು. ಆ ಹಾಲನ್ನು ಕರುವಿಗೂ ಕುಡಿಸಬಾರದು, ಅದರ ಹೊಟ್ಟೆಯಲ್ಲಿಯೂ ಗಟ್ಟಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹಳ್ಳಕ್ಕೆ ಚೆಲ್ಲದೆ ದೂರದ ಗುಂಡಿಗೆ ಸುರಿಯಬೇಕು.

ಎಲ್ಲಕ್ಕಿಂತ ಮೇಲಾದುದು ಸೂಜಿಯ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು. ಮಲೆನಾಡಿನ ಮಳೆಗಾಲದಲ್ಲಿ ಕೊಟ್ಟಿಗೆಯ ನೆಲ ಒದ್ದೆಯಾಗಿದ್ದರೆ ಕೆಚ್ಚಲು ಬಾವು ಬಂದೇ ಬರುತ್ತದೆ. ಒಣ ದರಕು ಹಾಸಬೇಕು. ಹಾಲು ಕರೆಯುವ ಮೊದಲು ಕೈ ಮತ್ತು ಕೆಚ್ಚಲು ತೊಳೆದು ಒರೆಸಬೇಕು. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಕರೆದ ನಂತರ ಸುಮಾರು ಅರ್ಧ ಗಂಟೆ ಮೊಲೆಯ ರಂಧ್ರ ತೆರೆದಿರುವುದರಿಂದ ಹಸು ಮಲಗದಂತೆ ಎದುರಿಗೆ ಹುಲ್ಲು ಹಾಕಬೇಕು. ಬಾವಿನ ಆರಂಭದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ರುಬ್ಬಿ ಕೆಚ್ಚಲಿಗೆ ದಿನಕ್ಕೆ ಹಲವು ಸಲ ಹಚ್ಚುವ ವಿಧಾನವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ರೈತರಿಗೆ ಕಲಿಸುತ್ತಿದೆ. ಅದನ್ನೂ ವೈದ್ಯರನ್ನು ಕೇಳಿಯೇ ಮಾಡುವುದು ಲೇಸು.

ಕೊನೆಗೆ ನಾನು ಆ ಅಜ್ಜಿಯ ಮನೆಗೆ ಹೋದೆ. ಕಾಲು ಎಳೆದುಕೊಂಡೇ ಹೋದೆ. ಹಾಲಿನಲ್ಲಿ ನೀರಿರಲಿಲ್ಲ, ಇಂಜೆಕ್ಷನ್ನಿನ ಮದ್ದಿತ್ತೆಂದು ಹೇಳಿದೆ. ಆ ದಿನಗಳ ದುಡ್ಡನ್ನು ಹಿಂದೆ ಕೊಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲೇ ಹೇಳಿದ್ದರೆ ನಾಲ್ಕು ದಿನ ಕರಿ ಕಾಫಿ ಕುಡಿಯುತ್ತಿದ್ದೆ ಮೇಷ್ಟ್ರೇ, ಅದಕ್ಕೇನು" ಎಂದರು. ಆದರೆ ಡೈರಿಗೆ ಹಾಕಿದ ಹಾಲನ್ನು ಕುಡಿದವರ ಮನೆ ನನಗೆ ಗೊತ್ತಿಲ್ಲ. ಅವರ ಬಾಗಿಲಿಗೆ ಹೋಗಿ ಕ್ಷಮೆ ಕೇಳುವ ದಾರಿಯೂ ನನಗಿಲ್ಲ. ಆ ಲೆಕ್ಕ ನನ್ನ ಮತ್ತು ನನ್ನ ಪ್ರಭುವಿನ ನಡುವೆ ತೆರೆದೇ ಇದೆ.

ಈಗ ಹಸುವಿಗೆ ಕಾಯಿಲೆ ಬಂದರೆ "ಇಂಜೆಕ್ಷನ್ ಹಾಕಿ ಡಾಕ್ಟ್ರೇ" ಎಂದು ಹೇಳುವುದನ್ನು ಬಿಟ್ಟಿದ್ದೇನೆ. "ಬೇಕೇ ಡಾಕ್ಟ್ರೇ? ಹಾಕಿದರೆ ಎಷ್ಟು ದಿನ ಹಾಲು ಕೊಡಬಾರದು?" ಎಂದು ಕೇಳುತ್ತೇನೆ. ಓದುಗರೂ ಇಷ್ಟನ್ನು ಕೇಳಲು ಆರಂಭಿಸಿದರೆ ವೈದ್ಯರಿಗೆ 'ಬೇಡ' ಎನ್ನುವ ಬಲ ಬರುತ್ತದೆ. ಯಾರೂ ನೋಡದ ಹೊತ್ತಿನಲ್ಲಿ ಹಾಲಿನ ಪಾತ್ರೆಯೆದುರು ಸರಿಯಾಗಿ ನಡೆದುಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.